ಬಕ್ಷೀಸು ಯಾರ ಪಾಲು?

ಮೊನ್ನೆ ತುಕ್ಕಾನಟ್ಟಿಗೆ ಹೋಗುವ ಹಾದಿಯಲ್ಲಿ ಒಂದು ಖಾನಾವಳಿಯಲ್ಲಿ ಊಟ ಮಾಡಿದೆವು. ಬಿಲ್ಲಿನ ಮೇಲೆ 20 ರೂಪಾಯಿ ಹೆಚ್ಚು ಸೇರಿಸಿ ಫೋನಿನಿಂದ ಕಳಿಸಿ, ಬಡಿಸಿದ ಹುಡುಗನಿಗೆ "ಇಪ್ಪತ್ತು ನಿನಗಪ್ಪಾ" ಎಂದೆವು. ಅವನು ಗಲ್ಲಾದ ಕಡೆ ಕಣ್ಣು ಹಾಯಿಸಿ, "ಅದು ನಮಗ ಬರೂದಿಲ್ರಿ" ಎಂದು ಮೆಲ್ಲಗೆ ನುಡಿದನು.

ಕೊಟ್ಟವನು ಗಿರಾಕಿ, ದುಡಿದವನು ಹುಡುಗ. ನಡುವೆ ನುಂಗಿದವನು ಮಾಲಕ! ಗಿರಣಿಯ ಬಂಧುಗಳಿಗೆ ಈ ಆಟ ಹೊಸದೇನಲ್ಲ. ಹಿಂದೆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಜಾಬರನು ಕೆಲಸಗಾರರಿಂದ ದಸ್ತೂರಿ ಕೀಳುತ್ತಿದ್ದನು. ಕೈಗೆ ಕೊಟ್ಟ ನಾಣ್ಯವಾದರೂ ಕೈಯಲ್ಲಿ ಉಳಿಯುತ್ತಿತ್ತು. ಫೋನಿನ ಹಣ ನೇರವಾಗಿ ಮಾಲಕನ ಖಾತೆಗೇ ಬೀಳುತ್ತದೆ. ಆದುದರಿಂದ ಹಂಚುವ ಹೊಣೆಯೂ ಅವನದೇ.

"ಹೊಟೇಲು ನನ್ನದು, ಹಣವೂ ನನ್ನದು" ಎನ್ನುವವರಿಗೆ ಸುಪ್ರೀಂ ಕೋರ್ಟೇ ಉತ್ತರ ಕೊಟ್ಟಿದೆ. ಬಕ್ಷೀಸು ಕೊಡುವವನು ಗಿರಾಕಿ, ಮಾಲಕನಲ್ಲ; ಅದನ್ನು ತೋರಿಸಿ ತುಟ್ಟಿಭತ್ಯೆ ತಪ್ಪಿಸಲಾಗದೆಂದು 1976ರಲ್ಲಿ ಜೈಪುರದ ರಾಮಬಾಗ್ ಪ್ಯಾಲೇಸ್ ಹೊಟೇಲಿನ ಮೊಕದ್ದಮೆಯಲ್ಲಿ ಹೇಳಿತು. ಬಿಲ್ಲಿನೊಡನೆ ಬಂದ ಬಕ್ಷೀಸನ್ನು ಮಾಲಕನು ನೌಕರರ ಪರವಾಗಿ ವಿಶ್ವಸ್ತನಾಗಿ ಹಿಡಿದಿರುತ್ತಾನೆಂದು 2016ರಲ್ಲಿ ಐಟಿಸಿ ಕಂಪನಿಯ ತೆರಿಗೆ ಮೊಕದ್ದಮೆಯಲ್ಲಿ ಹೇಳಿತು. ಆದರೆ ಹಂಚಿಕೆಗೆಂದೇ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಇದೆ: ತೆರಿಗೆಯ ಹೊರತು ಬಿಡಿಗಾಸೂ ಮುರಿಯಕೂಡದು, ಮರುತಿಂಗಳ ಕೊನೆಯೊಳಗೆ ನ್ಯಾಯವಾಗಿ ಹಂಚಬೇಕು, 3 ವರ್ಷ ಲೆಕ್ಕ ಇಡಬೇಕು. ಅಲ್ಲಿ ಸಲ್ಲುವ ನ್ಯಾಯ ಇಲ್ಲೇಕೆ ಸಲ್ಲದು?

ಬಡಿಸಿದವನಿಗಷ್ಟೇ ಕೊಟ್ಟರೂ ನ್ಯಾಯವಾಗದು. ಒಲೆಯ ಮುಂದೆ ಬೆಂದು ರೊಟ್ಟಿ ಬಡಿಯುವ ಅಕ್ಕ, ಹಿತ್ತಲಲ್ಲಿ ಮುಸುರೆ ತಿಕ್ಕುವ ತಾಯಿ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಅವರಿಗೂ ಪಾಲು ಬೇಕು.

ಸಣ್ಣ ವ್ಯಾಪಾರಿಗಳು ಬೆದರಬೇಕಿಲ್ಲ. ನಿಮ್ಮ ಗಂಟಿನಿಂದ ನಾವು ಒಂದು ಪೈಸೆಯನ್ನೂ ಕೇಳುತ್ತಿಲ್ಲ. ನಿಮ್ಮದಲ್ಲದ್ದನ್ನು ಗಲ್ಲಾದಲ್ಲಿ ಇಟ್ಟುಕೊಳ್ಳಬೇಡಿರೆನ್ನುತ್ತೇವೆ. ಆಳುಗಳ ಬಕ್ಷೀಸು ನುಂಗಿ ಊಟದ ದರ ಇಳಿಸುವವನು ಪ್ರಾಮಾಣಿಕ ಖಾನಾವಳಿಯವನ ಹೊಟ್ಟೆಯ ಮೇಲೂ ಹೊಡೆಯುತ್ತಾನೆ.

ನಮ್ಮ ಬೇಡಿಕೆ ಇಷ್ಟೇ: ಬಕ್ಷೀಸಿಗೆ ಬೇರೆ ಡಬ್ಬಿ, ಬೇರೆ ವಹಿ, ವಾರಕ್ಕೊಮ್ಮೆ ಎಲ್ಲರೆದುರು ಎಣಿಕೆ, ಪಾಲಿನ ನಿಯಮ ಗೋಡೆಯ ಮೇಲೆ ಕನ್ನಡದಲ್ಲಿ. ಪಗಾರಕ್ಕೆ ಅದನ್ನು ಹಿಡಿಯಕೂಡದು. ಬಕ್ಷೀಸು ಗಿರಾಕಿಯ ಸಂತೋಷ. ಪಗಾರ ದುಡಿದವನ ಹಕ್ಕು. ಸರಕಾರ ಇದನ್ನು ಕಾಯಿದೆ ಮಾಡಲಿ.

ಅಲ್ಲಿಯವರೆಗೆ ಊಟ ಮುಗಿಸಿ ಏಳುವ ಪ್ರತಿಯೊಬ್ಬ ದುಡಿಮೆಗಾರನೂ ಗಲ್ಲಾದ ಮುಂದೆ ನಿಂತು ಗಟ್ಟಿಯಾಗಿ ಕೇಳಲಿ: "ಸಾವಕಾರ್ರ, ಹುಡುಗರ ರೊಕ್ಕದ ಲೆಕ್ಕ ಎಲ್ಲೈತ್ರಿ?"