ಸಂಬಳವಿಲ್ಲದ ಪಂಚಾಯ್ತಿಕೆ

‘ಮಗ ಎರಡನೇ ಪಿಯುಸಿ. ರಾತ್ರಿ ಊಟವಾದ ಮೇಲೆ ಅಂತರಜಾಲದ ಯಾವುದೋ ಗಣಿತದ ಗುಂಪಿನಲ್ಲಿ ಕಂಡವರ ಜಗಳ ಬಿಡಿಸುತ್ತ ಕೂರುತ್ತಾನೆ. ಕೇಳಿದರೆ ತಾನು ಮಾಡರೇಟರ್ ಅನ್ನುತ್ತಾನೆ. ಬಿಡಿಗಾಸಿನ ಗಿಟ್ಟುವಳಿಯಿಲ್ಲ. ಈ ಊರ ಉಸಾಬರಿಯಿಂದ ಅವನಿಗೇನು ಬಂತು?’ ತಾಯಿಯೊಬ್ಬರ ಪ್ರಶ್ನೆ ಇದು.

ನ್ಯಾಯವಾದ ಪ್ರಶ್ನೆಯೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನೋಡಿ. ಅಲ್ಲಿನ ನಿರ್ವಾಹಕರಿಗೂ ಸಂಬಳವಿಲ್ಲ. ಯಾರೋ ಒಂದು ಊರಿನ ಪುಟದಲ್ಲಿ ಬೈಗುಳ ಬರೆದು ಹೋಗುತ್ತಾರೆ, ಇನ್ಯಾರೋ ತಮ್ಮ ಅಂಗಡಿಯ ಜಾಹೀರಾತು ತುರುಕುತ್ತಾರೆ. ಪುಟ ಅಳಿಸುವ, ಅದಕ್ಕೆ ಬೀಗ ಹಾಕುವ, ಕಿಡಿಗೇಡಿಯನ್ನು ತಡೆಯುವ ಅಧಿಕಾರ ನಿರ್ವಾಹಕರದು. ಅಧಿಕಾರ ಚಲಾಯಿಸಲು ಒಂದು ಗುಂಡಿ ಒತ್ತಿದರಾಯಿತು. ಕಷ್ಟವಿರುವುದು ಒತ್ತದೆ ತಡೆದುಕೊಳ್ಳುವುದರಲ್ಲಿ. ಹೊಸಬ ತಿಳಿಯದೆ ತಪ್ಪಿದನೋ, ಬೇಕೆಂದೇ ಕೆಡಿಸಿದನೋ? ತೂಗಿ ನೋಡಬೇಕು, ಚರ್ಚೆಪುಟದಲ್ಲಿ ಕಾರಣ ಹೇಳಬೇಕು. ಮಾಡಿದ್ದೆಲ್ಲ ದಾಖಲಾಗಿರುತ್ತದೆ, ನಾಳೆ ಯಾರು ಬೇಕಾದರೂ ಪ್ರಶ್ನಿಸಬಹುದು. ಹದಿನೇಳರ ಹುಡುಗನಿಗೆ ಇಂಥ ಪಾಠ ಯಾವ ಟ್ಯೂಷನ್ನಿನಲ್ಲೂ ಸಿಗದು. (ತಂಗಿಯೊಡನೆ ಜಗಳವಾಡುವಾಗ ಅದು ನೆನಪಿರುವುದಿಲ್ಲ, ಆ ಮಾತು ಬೇರೆ.)

ಇದೇ ಕೆಲಸಕ್ಕೆ ಸಂಬಳ ಕೊಟ್ಟ ಕಡೆ ನಡೆದದ್ದನ್ನೂ ಹೇಳಬೇಕು. ಅಮೆರಿಕದಲ್ಲಿ ಫೇಸ್‌ಬುಕ್‌ಗಾಗಿ ಗುತ್ತಿಗೆಯ ಮೇಲೆ ದುಡಿದವರು ಕೊಲೆ, ಅತ್ಯಾಚಾರ, ಆತ್ಮಹತ್ಯೆಗಳ ದೃಶ್ಯಗಳನ್ನು ನೋಡಿ ನೋಡಿ ತೆಗೆದುಹಾಕಬೇಕಿತ್ತು. ಮನಸ್ಸಿನ ಆರೋಗ್ಯ ಕೆಟ್ಟಿತೆಂದು 2018ರಲ್ಲಿ ದಾವೆ ಹೂಡಿದರು. 2020ರಲ್ಲಿ ಕಂಪನಿ, ತಪ್ಪು ಒಪ್ಪಿಕೊಳ್ಳದೆಯೇ, 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ಪರಿಹಾರದ ವ್ಯಾಪ್ತಿಗೆ ಬಂದವರು ಹತ್ತು ಸಾವಿರಕ್ಕೂ ಹೆಚ್ಚು.

ಅವರಿಗೆ ದೃಶ್ಯ ಹಾಕಿದವನು ಯಾರೋ ತಿಳಿಯದು, ಯಾರ ಕಣ್ಣಿಗೆ ಬೀಳದಂತೆ ತಡೆದೆವೋ ಅದೂ ತಿಳಿಯದು. ‘ಈ ನಿಯಮ ಸರಿಯಿಲ್ಲ’ ಅಂದರೆ ಕೇಳುವವರಿರಲಿಲ್ಲ. ಬೇಡವೆಂದು ಎದ್ದು ಹೋದರೆ ಆ ತಿಂಗಳ ಬಾಡಿಗೆಗೆ ಏನು ಗತಿ? ನಿಮ್ಮ ಮಗನಿಗೆ ಆ ಗುಂಪಿನ ಜನ ಗೊತ್ತು. ನಿನ್ನೆ ಕಿತ್ತಾಡಿದವರಿಬ್ಬರು ಇವತ್ತು ಕೂಡಿ ಲೆಕ್ಕ ಬಿಡಿಸಿದರೆ ಅವನ ಕಣ್ಣಿಗೆ ಕಾಣುತ್ತದೆ. ಅವನ ಗಿಟ್ಟುವಳಿ ಅಷ್ಟೇ, ಅದೇನು ಸಣ್ಣದಲ್ಲ.

ಹಾಗೆಂದು ಕಣ್ಣು ಮುಚ್ಚಿ ಕೂರಬೇಡಿ, ತಾಯಿ. ಈ ವಾರ ಯಾವ ಜಗಳ ಬಿಡಿಸಲು ತಿಣುಕಾಡಿದೆ ಎಂದು ಊಟದ ಹೊತ್ತಿನಲ್ಲಿ ಕೇಳಿ. ಅವನೂ ನೋಡಬಾರದ್ದನ್ನು ನೋಡಿರಬಹುದು, ಗದರಿಸಿದರೆ ಬಾಯಿ ಬಿಡುವುದಿಲ್ಲ. ಪರೀಕ್ಷೆಯ ತಿಂಗಳು ಜವಾಬ್ದಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಾ ಅನ್ನಿ. ಬಂದರೆ ಸರಿ. ‘ನಾನಿಲ್ಲದಿದ್ದರೆ ಅಲ್ಲಿ ಏನೂ ನಡೆಯೋದಿಲ್ಲ’ ಅಂದನೋ, ಆಗ ನನಗೆ ಇನ್ನೊಂದು ಕಾಗದ ಹಾಕಿ.