ವಿಭಕ್ತಿಯಿಲ್ಲದ ಭಾಷೆಯ ವ್ಯಾಕರಣ

ಮಲಯ್ ಕಲಿಯುವುದು ಸಲೀಸು, ಅದಕ್ಕೆ ವ್ಯಾಕರಣವೇ ಇಲ್ಲ ಎಂಬ ಮಾತು ಮಲೇಷ್ಯಾಕ್ಕೆ ಹೋದವರ ಕಿವಿಗೆ ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಪುಚೊಂಗ್‌ನ ರೈಲು ನಿಲ್ದಾಣವೊಂದರ ಹೆಸರು ನೋಡಿದರೆ ಹಾಗನ್ನಿಸುವುದು ಸಹಜವೇ: 'ಪುಸಾತ್ ಬಂದಾರ್ ಪುಚೊಂಗ್'. ಕೇಂದ್ರ, ನಗರ, ಪುಚೊಂಗ್. ಮೂರು ನಾಮಪದಗಳು ಸಾಲಾಗಿ ನಿಂತಿವೆ, ನಡುವೆ ಒಂದು ಪ್ರತ್ಯಯವೂ ಇಲ್ಲ. ನಾವಾದರೆ 'ಪುಚೊಂಗ್ ನಗರದ ಕೇಂದ್ರ' ಎಂದು ಷಷ್ಠಿ ಹಚ್ಚದೆ ಬಿಡೆವು. ಆದರೆ ಆ ಮೂರು ಪದಗಳನ್ನು ಅದಲುಬದಲು ಮಾಡಿ ನೋಡಿ, ಹೆಸರು ಕೆಟ್ಟುಹೋಗುತ್ತದೆ. ಇಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಪದದ ಸ್ಥಾನ ಮಾಡುತ್ತಿದೆ. 'ಅಲಿ ಮೆಂಬಾಚ ಬುಕು ಇತು' ಎಂದರೆ ಅಲಿ ಆ ಪುಸ್ತಕ ಓದುತ್ತಾನೆ. 'ಬುಕು ಇತು ದಿಬಾಚ ಅಲಿ' ಎಂದರೂ ಓದುವವನು ಅಲಿಯೇ. ಕರ್ತೃ ಯಾರು, ಕರ್ಮ ಯಾವುದು ಎಂಬ ಲೆಕ್ಕ ನಾಮಪದದ ಬಾಲದಲ್ಲಿಲ್ಲ, ಕ್ರಿಯಾಪದದ ತಲೆಯಲ್ಲಿರುವ 'ಮೆಂ', 'ದಿ'ಗಳಲ್ಲಿದೆ. ಹೀಗಿರುವಾಗ ವಿಭಕ್ತಿ ಹೆಚ್ಚಿದ್ದರೆ ಸಂಸ್ಕಾರ ಎನ್ನುವುದೂ, ವಿಭಕ್ತಿ ಉದುರಿದರೆ ಪ್ರಗತಿ ಎನ್ನುವುದೂ ಒಂದೇ ತಪ್ಪಿನ ಎರಡು ರೂಪಗಳು.

ಎರಡಕ್ಕೂ ದೊಡ್ಡವರ ಬೆಂಬಲವಿತ್ತು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಂಡಿತ ಶ್ಲೈಖರ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಂಥ ಭಾಷೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿದ. ಡೆನ್ಮಾರ್ಕಿನ ಯೆಸ್ಪರ್ಸನ್ 1894ರಲ್ಲಿ ಅದನ್ನು ತಲೆಕೆಳಗು ಮಾಡಿ, ಪ್ರತ್ಯಯ ಕಳಚಿಕೊಂಡ ಇಂಗ್ಲಿಷೇ ಮುಂದುವರಿದದ್ದು ಎಂದ. ಸಂಸ್ಕೃತದ ವಿಭಕ್ತಿಗಳು ಕಂಪ್ಯೂಟರಿಗೆಂದೇ ಹುಟ್ಟಿದವು ಎನ್ನುವವರ ಜೊತೆ ವಾದಕ್ಕಿಳಿಯಬೇಕಿಲ್ಲ. ಆದರೆ ಸಂಸ್ಕೃತದ ದ್ವಿವಚನವನ್ನು ಮಾತ್ರ ಹತ್ತಿರದಿಂದ ನೋಡಬೇಕು. ಸಂಬೋಧನೆ ಸೇರಿ ಎಂಟು ವಿಭಕ್ತಿ, ರೂಪ ಮಾತ್ರ ಮೂರೇ: ರಾಮೌ, ರಾಮಾಭ್ಯಾಮ್, ರಾಮಯೋಃ. 'ರಾಮಾಭ್ಯಾಮ್' ಎಂದಾಗ ಇಬ್ಬರು ರಾಮರಿಂದಲೋ, ಇಬ್ಬರು ರಾಮರಿಗೋ ಎಂಬುದನ್ನು ಪ್ರತ್ಯಯ ಹೇಳುವುದಿಲ್ಲ, ಸಂದರ್ಭ ಹೇಳಬೇಕು. ಕನ್ನಡವೂ ಅಷ್ಟೇ. 'ಪುಸ್ತಕ ಓದಿದೆ' ಎಂದು ದ್ವಿತೀಯೆಯನ್ನು ನುಂಗಿ ಹಾಕುತ್ತೇವೆ, ಯಾಕೆಂದರೆ ಪುಸ್ತಕವೇ ಯಾರನ್ನೋ ಓದೀತೆಂಬ ಭಯವಿಲ್ಲ. 'ಹುಡುಗ ನೋಡಿದೆ' ಎನ್ನಲು ಬರುವುದಿಲ್ಲ. ಅಲ್ಲಿ 'ಹುಡುಗನನ್ನು' ಎನ್ನಲೇಬೇಕು.

ಒಂದು ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೇರೆ ಬೇರೆ ನುಡಿಯವರು ದೊಡ್ಡವರಾದ ಮೇಲೆ ಕಲಿತು ಆಡುವ ಭಾಷೆಯಲ್ಲಿ ಪ್ರತ್ಯಯ ಸವೆಯುತ್ತದೆ, ಬಂದರುಗಳ ವ್ಯಾಪಾರದಲ್ಲಿ ಪಳಗಿದ ಮಲಯ್ ಸರಳವಾದದ್ದು ಹಾಗೆಯೇ ಎಂಬುದು ಆ ವಾದ. ಅದರಲ್ಲಿ ಅರ್ಧ ನಿಜವಿದೆ. ಆ ವ್ಯಾಪಾರಿಗಳ ಆಡುನುಡಿಯಾದ ಸಂತೆ ಮಲಯ್‌ನಲ್ಲಿ ಕ್ರಿಯಾಪದದ ಪ್ರತ್ಯಯಗಳು ಬಹುಮಟ್ಟಿಗೆ ಉದುರಿವೆ. ಆದರೆ ವಿಭಕ್ತಿಯ ಮಟ್ಟಿಗೆ ಈ ವಾದ ನಿಲ್ಲುವುದಿಲ್ಲ. ಕ್ರಿ.ಶ. 682ರ ಕೆದುಕಾನ್ ಬುಕಿತ್ ಶಾಸನದ ಹಳೆಯ ಮಲಯ್‌ನಲ್ಲಿ ಸಂಸ್ಕೃತ ಪದಗಳುಂಟು, ಸಂಸ್ಕೃತದಂಥ ವಿಭಕ್ತಿ ವ್ಯವಸ್ಥೆ ಆಗಲೂ ಇರಲಿಲ್ಲ. ಇಲ್ಲದ್ದು ಸವೆಯುವುದು ಹೇಗೆ? ಇನ್ನೂ ಸ್ವಾರಸ್ಯದ್ದು 'ಪುಞ'. ಶಿಷ್ಟ ಮಲಯ್‌ನಲ್ಲಿ ನನ್ನ ಮನೆ 'ರುಮಾಹ್ ಸಾಯ', ಅಂದರೆ 'ಮನೆ ನಾನು'. ಸಂತೆಯಲ್ಲಿ ಅದೇ 'ಸಾಯ ಪುಞ ರುಮಾಹ್': ಒಡೆಯ ಮೊದಲು, ಒಡೆತನ ಹೇಳುವ ಪದ ನಡುವೆ, ವಸ್ತು ಕೊನೆಗೆ. ಇದು ಚೀನೀ ನುಡಿಗಳ ಪ್ರಭಾವ ಎಂದು ವಿದ್ವಾಂಸರು ಹೇಳುತ್ತಾರೆ. ಇರಲಿ. ಭಾಷೆಯನ್ನು ಸರಳ ಮಾಡಿದರೆಂದು ನಾವು ಹೇಳುವ ಆ ವ್ಯಾಪಾರಿಗಳೇ ಷಷ್ಠಿಯ ಕೆಲಸಕ್ಕೆ ಹೊಸದೊಂದು ಪದವನ್ನು ನೇಮಿಸಿಕೊಂಡರು!

ಉದುರುವುದನ್ನಷ್ಟೇ ನೋಡಿ ಚಿಗುರುವುದನ್ನು ನೋಡದವರಿಗೆ ಚರಿತ್ರೆ ಒಂದೇ ದಿಕ್ಕಿನ ಇಳಿಜಾರಾಗಿ ಕಾಣುತ್ತದೆ. ಸಂಸ್ಕೃತದ ಪ್ರತ್ಯಯಗಳು ಸವೆದ ಮೇಲೆ ಹಿಂದಿ 'ಕೋ', 'ಸೇ', 'ಮೇಂ'ಗಳನ್ನು ಕಟ್ಟಿಕೊಂಡಿತು. ಅದರ 'ಮೇಂ' ಒಂದು ಕಾಲಕ್ಕೆ 'ಮಧ್ಯೇ' ಆಗಿತ್ತು. ನಮ್ಮ ಸಪ್ತಮಿಯ 'ಅಲ್ಲಿ' ಈಗಲೂ ಸ್ವತಂತ್ರ ಪದವಾಗಿ ಓಡಾಡುತ್ತಿದೆ. ಇದನ್ನೆಲ್ಲ ನಮ್ಮ ಶಾಲಾ ವ್ಯಾಕರಣ ಗಮನಿಸಿದ್ದರೆ ಚೆನ್ನಾಗಿತ್ತು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಸಂಸ್ಕೃತದ ಅಚ್ಚಿನಲ್ಲಿ ಏಳು ವಿಭಕ್ತಿ ಹೇಳಿದ. ಕನ್ನಡಕ್ಕೆ ಆ ಅಚ್ಚು ಒಗ್ಗದು ಎಂದು ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದರು. ಆದರೂ ಮಕ್ಕಳು ಪಂಚಮಿಗೆ 'ದೆಸೆಯಿಂದ' ಎಂದೇ ಉರು ಹೊಡೆಯುತ್ತಾರೆ. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಯಾವ ಊರಲ್ಲಿ ಯಾರು ಅಂದಾರು? ಹಣ್ಣು ಬೀಳುವುದು ಮರದಿಂದ, ತೃತೀಯೆಯ ಪ್ರತ್ಯಯದಲ್ಲೇ. ಇತ್ತ 'ಅವನ ಹತ್ರ ಹೇಳು', 'ನನ್ನ ಹತ್ರ ದುಡ್ಡಿಲ್ಲ' ಎನ್ನುವಾಗಿನ 'ಹತ್ರ' ದೂರ-ಸಮೀಪದ ಅರ್ಥ ಬಿಟ್ಟು ವಿಭಕ್ತಿಯಾಗುವ ದಾರಿ ಹಿಡಿದು ಬಹಳ ಕಾಲವಾಯಿತು. ಪಠ್ಯಪುಸ್ತಕದ ಕೋಷ್ಟಕದಲ್ಲಿ ಅದಕ್ಕಿನ್ನೂ ಜಾಗ ಸಿಕ್ಕಿಲ್ಲ.