ಕೋಟೆ ಕಾದವರಿಗೊಂದು ಕಲ್ಲು

ಶಾಲೆಗಳು ತೆರೆಯುವ ಹೊತ್ತಿಗೆ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ಮುಂದೆ ಕಾಲಿಡಲೂ ಜಾಗವಿರುವುದಿಲ್ಲ. ಮೂರನೆಯ ಮೈಸೂರು ಯುದ್ಧದ ಪಾಠವಿರುವ ಚರಿತ್ರೆಯ ಪುಸ್ತಕಗಳೂ ಅಲ್ಲಿ ಮಾರಾಟವಾಗುತ್ತವೆ. ಆದರೆ ಆ ಯುದ್ಧದ ಒಂದು ಮುಖ್ಯ ಅಧ್ಯಾಯ ತಾವು ನಿಂತ ನೆಲದಲ್ಲೇ ನಡೆಯಿತೆಂಬುದು ಕೊಳ್ಳುವವರಿಗೂ ಮಾರುವವರಿಗೂ ನೆನಪಿದ್ದಂತಿಲ್ಲ.

ಈ ರಸ್ತೆ ಅಂದಿನ ದೊಡ್ಡಪೇಟೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೇನೆ ಹಲಸೂರು ಬಾಗಿಲನ್ನು ಒಡೆದು ಪೇಟೆಯೊಳಗೆ ನುಗ್ಗಿತು. ಬೀದಿಗಳಲ್ಲೇ ಕಾಳಗ ನಡೆಯಿತು. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಟಿಪ್ಪುವಿನ ವೃದ್ಧ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದ. ಶವವನ್ನು ಒಪ್ಪಿಸಲು ಕಾರ್ನ್‌ವಾಲಿಸ್ ಮುಂದಾದಾಗ, ಆತ ಬಿದ್ದ ನೆಲಕ್ಕಿಂತ ಉತ್ತಮವಾದ ಜಾಗ ಅವನ ಸಮಾಧಿಗೆ ಇಲ್ಲವೆಂದು ಟಿಪ್ಪು ಹೇಳಿಕಳಿಸಿದನೆಂಬ ವೃತ್ತಾಂತವಿದೆ. ರಸ್ತೆಯ ಮಾರುಕಟ್ಟೆ ತುದಿಯಲ್ಲಿರುವ ದರ್ಗಾ ಅವನದೇ ಎಂದು ನಂಬುವವರಿದ್ದಾರೆ.

ಗೆದ್ದವರು ತಮ್ಮವರನ್ನು ಮರೆಯಲಿಲ್ಲ. ತಾವು ಕೋಟೆಯೊಳಗೆ ನುಗ್ಗಿದ ಜಾಗವನ್ನು ಫಲಕ ಹಾಕಿ ಗುರುತಿಸಿದರು. ಮಡಿದ ತಮ್ಮ ಅಧಿಕಾರಿಗಳಿಗಾಗಿ ಈಗಿನ ಹಡ್ಸನ್ ವೃತ್ತದ ಬಳಿ ಸ್ಮಾರಕಸ್ತಂಭ ನಿಲ್ಲಿಸಿದರು. ಆ ಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ಪರಕೀಯರ ವಿಜಯದ ಗುರುತು ಬೇಡವೆಂಬ ಭಾವನೆ ಸಹಜವೇ. ಆದರೆ ಊರನ್ನು ಕಾಯುತ್ತ ಸತ್ತ ಸಾಮಾನ್ಯ ಸಿಪಾಯಿಗಾಗಿ ನಾವು ನೆಟ್ಟ ಒಂದು ಕಲ್ಲೂ ಈ ಪೇಟೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕೆಡವುವುದಕ್ಕೆ ಒಂದು ದಿನ ಸಾಕಾಯಿತು. ನೆನೆಯುವ ಕೆಲಸ ಇನ್ನೂ ಆರಂಭವಾಗಿಲ್ಲ.

ಟಿಪ್ಪುವಿನ ಹೆಸರೆತ್ತಿದೊಡನೆ ವಾದವಿವಾದ ಏಳುತ್ತದೆ ಎಂಬುದನ್ನು ಬಲ್ಲೆ. ದೊರೆಯ ನೀತಿಯನ್ನು ಚರಿತ್ರೆ ವಿಮರ್ಶಿಸಲಿ. ಬಾಗಿಲ ಬಳಿ ನಿಂತು ಪ್ರಾಣ ಕೊಟ್ಟವನನ್ನು ಆ ಕಟಕಟೆಗೆ ಎಳೆಯಬೇಕಾಗಿಲ್ಲ. ಕಂಪನಿಯ ಪರವಾಗಿ ಸತ್ತವರಲ್ಲೂ ನಮ್ಮ ನಾಡಿನ ಸಿಪಾಯಿಗಳಿದ್ದರು. ಅವರ ಹೆಂಡಿರು ಮಕ್ಕಳೂ ದಾರಿ ಕಾದಿದ್ದಿರಬೇಕು. ವೀರಗಲ್ಲುಗಳನ್ನು ನೆಟ್ಟ ನಾಡು ನಮ್ಮದು. ತುರು ಕಾಯುತ್ತ ಮಡಿದ ಅನಾಮಿಕನಿಗೂ ನಮ್ಮ ಹಿರಿಯರು ಊರಬಾಗಿಲಲ್ಲಿ ಕಲ್ಲು ನಿಲ್ಲಿಸುತ್ತಿದ್ದರು. ಆ ಸಂಸ್ಕಾರವನ್ನು ಮಹಾನಗರ ಕಳೆದುಕೊಳ್ಳಬಾರದು.

ದೊಡ್ಡ ಪ್ರತಿಮೆಯಾಗಲಿ, ಮೆರವಣಿಗೆಯಾಗಲಿ ಬೇಕಿಲ್ಲ. ಅವೆನ್ಯೂ ರಸ್ತೆಯಲ್ಲಿ ಕನ್ನಡದಲ್ಲೊಂದು ಶಿಲಾಫಲಕ, ಪ್ರತಿ ಮಾರ್ಚ್ 21ರಂದು ಅದರ ಮುಂದೆ ಎರಡು ನಿಮಿಷಗಳ ಮೌನ. ಇಷ್ಟಾದರೂ ಆಗಲಿ. ಹೆಸರು ಉಳಿಯದವರಿಗೆ ಊರು ಸಲ್ಲಿಸಬೇಕಾದ ಋಣ ಅದು.